ಬಾಣದಮ್ಮ ಹೊಗಳಲು ಕಲಿತದ್ದು

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಾಣದಮ್ಮ ಎಂದೇ ಕರೆಯುತ್ತಿದ್ದರು. ಹೊಲಿದು ಮುಗಿದ ಅಂಗಿಗಳು ಕೊನೆಗೆ ಬಂದು ಬೀಳುತ್ತಿದ್ದುದು ಅವಳ ಮೇಜಿನ ಮೇಲೆ. ಟ್ಯೂಬ್‌ಲೈಟಿನ ಕೆಳಗೆ ಅಂಗಿಯ ಒಳಮೈ ಹೊರಗೆ ಮಾಡಿ, ಕಾಲರಿನಿಂದ ಶುರುಮಾಡಿ ಹೊಲಿಗೆಯ ಗುಂಟ ಹೆಬ್ಬೆರಳು ಓಡಿಸುತ್ತ, ಹೊಲಿಗೆ ಬಿಟ್ಟಲ್ಲಿ, ನೂಲು ಜೋತಲ್ಲಿ, ಗುಂಡಿ ಸರಿದಲ್ಲಿ ಕೆಂಪು ಬಾಣದ ಚಿಕ್ಕ ಸ್ಟಿಕ್ಕರು ಅಂಟಿಸುವುದು ಅವಳ ಕೆಲಸ. ಬಾಣ ಬಿದ್ದ ಅಂಗಿ ಹೊಲಿದವರ ಹತ್ತಿರ ವಾಪಸು ಹೋಗುತ್ತದೆ. ಬೀಳದ್ದು ಮುಂದೆ ಇಸ್ತ್ರಿಗೆ ಹೋಗುತ್ತದೆ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದವಳು. ಸರಿಯಿರುವ ಅಂಗಿಯ ಬಗ್ಗೆ ಯಾರಾದರೂ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ, ತಾನೂ ಆಡಿರಲಿಲ್ಲ. ಸರಿಯಿರುವುದಕ್ಕೆ ಮಾತು ಯಾಕೆ ಖರ್ಚು ಮಾಡಬೇಕು?

ಮೊಸರಿನಲ್ಲಿ ಕಲ್ಲು ಹುಡುಕುತ್ತಾಳೆ ಎಂದು ಜನ ಆಡಿಕೊಳ್ಳುತ್ತಿದ್ದರು. ನ್ಯಾಯವಾಗಿ ನೋಡಿದರೆ ಅವಳು ಹುಡುಕುತ್ತಿರಲಿಲ್ಲ, ಕಲ್ಲೇ ಎದ್ದು ಬಂದು ಅವಳ ಕಣ್ಣಿಗೆ ಬೀಳುತ್ತಿತ್ತು. ಬಸ್ಸಿನಲ್ಲಿ ಎದುರು ನಿಂತವರ ಬೆನ್ನಿನ ಹೊಲಿಗೆ ಸೊಟ್ಟಗಿದ್ದರೆ ಇಳಿಯುವ ತನಕ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

ಮನೆಯಲ್ಲಿ ಇದ್ದದ್ದು ಮೂವರು. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಮಗ ಫ್ರಿಜ್ ರಿಪೇರಿ ಮಾಡುತ್ತಿದ್ದ. ಎಂಟು ತಿಂಗಳ ಹಿಂದೆ ಅವನು ಒಬ್ಬ ನರ್ಸನ್ನು ರಿಜಿಸ್ಟರ್ ಮದುವೆಯಾಗಿದ್ದ. ಸೊಸೆಯ ಮನೆಮಾತು ಬೇರೆ. ಅವಳಿಗೆ ಕನ್ನಡ ಬಾರದು, ಅತ್ತೆಗೆ ಅವಳ ಭಾಷೆ ಬಾರದು. ಇಬ್ಬರಿಗೂ ಅಷ್ಟಿಷ್ಟು ಬರುತ್ತಿದ್ದುದು ಇಂಗ್ಲಿಷ್ ಒಂದೇ. ಅದರಲ್ಲೂ ಸೊಸೆಯದು ಕಾಲೇಜಿನ ಇಂಗ್ಲಿಷಾದರೆ ಅತ್ತೆಯದು ಕಾರ್ಖಾನೆಯಲ್ಲೇ ಹುಟ್ಟಿ ಅಲ್ಲೇ ಬೆಳೆದದ್ದು. ಸೊಸೆ ಅಡುಗೆ ಮಾಡಿ ಬಡಿಸಿದರೆ ಅತ್ತೆ ಉಂಡು, "ಪಾಸ್" ಎನ್ನುತ್ತಿದ್ದಳು. ಸೊಸೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಒರೆಸಿ ಒಪ್ಪವಾಗಿ ಜೋಡಿಸಿದ ದಿನ ಬಾಗಿಲಲ್ಲಿ ನಿಂತು ಮೇಲಿಂದ ಕೆಳಕ್ಕೆ ನೋಡಿ, "ನೋ ಡಿಫೆಕ್ಟ್" ಎಂದಿದ್ದಳು. ಅವಳ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಮಾತು ಇರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಮಗ ಟೀ ಕುಡಿಯುತ್ತ, ಲೋಟವನ್ನೇ ನೋಡುತ್ತ ಹೇಳಿದ, "ಆಸ್ಪತ್ರೆ ಹತ್ರ ಒಂದು ಮನೆ ಖಾಲಿ ಇದೆಯಂತಮ್ಮ. ಮುಂದಿನ ವಾರದ ಭಾನುವಾರ ನೋಡ್ಕೊಂಡು ಬರ್ತೀವಿ."

"ಯಾಕೆ? ಈ ಮನೆಗೇನಾಗಿದೆ?"

"ಮನೆಗೇನೂ ಆಗಿಲ್ಲ. ಬೇಜಾರು. ಇಲ್ಲಿ ಏನು ಮಾಡಿದ್ರೂ ಒಂದು ಒಳ್ಳೆ ಮಾತಿಲ್ಲ."

ಬೇಜಾರು ಯಾರಿಗೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಸೊಸೆಗಲ್ಲದೆ ಇನ್ಯಾರಿಗೆ? ಆ ದಿನ ಬಸ್ಸಿನಲ್ಲಿ ಅವಳು ಯಾರ ಬೆನ್ನನ್ನೂ ನೋಡಲಿಲ್ಲ. ಅವಳಿಗೆ ಭಯವಾಗಿತ್ತು. ಈ ಮನೆಗೆ ಮಾತು, ನಗು, ಒಗೆದ ಬಟ್ಟೆಯ ವಾಸನೆ ಬಂದದ್ದೇ ಆ ಹುಡುಗಿ ಬಂದ ಮೇಲೆ. ಅವಳನ್ನು ಕಂಡರೆ ಬಾಣದಮ್ಮನಿಗೆ ಪ್ರೀತಿ. ಆ ಪ್ರೀತಿ ತನಗೆ ಗೊತ್ತಿದ್ದರೆ ಸಾಕು, ಅವಳಿಗೂ ಗೊತ್ತಾಗುತ್ತದೆ ಎಂದು ಅಂದುಕೊಂಡಿದ್ದಳು.

ಅದೇ ವಾರ ಕಾರ್ಖಾನೆಯಲ್ಲಿ ಊಟದ ಬಿಡುವಿನ ನಂತರ ಅರ್ಧ ಗಂಟೆಯ ಇಂಗ್ಲಿಷ್ ಕ್ಲಾಸು ಶುರುವಾಯಿತು. ಹೊಸದಾಗಿ ಸೇರಿದ ಹೊಲಿಗೆಯವರು ದೂರ ದೂರದಿಂದ ಬಂದವರು, ನಾಲ್ಕು ಜನಕ್ಕೆ ನಾಲ್ಕು ಭಾಷೆ. ತಿಂಗಳು ತುಂಬುವುದರೊಳಗೆ ಕೆಲಸ ಬಿಟ್ಟು ಹೋಗುತ್ತಿದ್ದರು. ಬೈಗುಳ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ, ಹೊಗಳಿಕೆಗೆ ಮಾತ್ರ ಭಾಷೆ ಬೇಕು ಎಂದು ಆಫೀಸಿನವರಿಗೆ ಹೊಳೆದಿತ್ತು. ಹಾಗಾಗಿ ಮೇಲ್ವಿಚಾರಕರು, ತಪಾಸಣೆಯವರು ಎಲ್ಲರೂ ಹೊಗಳುವುದನ್ನು ಕಲಿಯಬೇಕೆಂದು ಆಜ್ಞೆಯಾಯಿತು. ಬೇರೆಯವರು ಗೊಣಗಿದರು. ಬಾಣದಮ್ಮ ಮೊದಲ ದಿನವೇ ಹೊಸ ನೋಟ್‌ಬುಕ್ ಹಿಡಿದು ಮುಂದಿನ ಬೆಂಚಿನಲ್ಲಿ ಕೂತಳು.

ಪಾಠ ಹೇಳಲು ಬಂದ ಮೇಡಂಗೆ ಇನ್ನೂ ಮೂವತ್ತು ದಾಟಿರಲಿಲ್ಲ. "ಮುಖ ನೋಡಿ ಹೇಳಬೇಕು," ಎಂದಳು. "ಸುಮ್ಮನೆ ಗುಡ್ ಗುಡ್ ಅನ್ನಬಾರದು, ಏನು ಚೆನ್ನಾಗಿದೆ ಅಂತ ಬಿಡಿಸಿ ಹೇಳಬೇಕು. ಮತ್ತೆ, ಹೊಗಳಿದ ಮೇಲೆ 'ಬಟ್' ಅನ್ನೋ ಪದ ಬರಕೂಡದು."

ಮೊದಲೆರಡು ಹೇಗೋ ಆದವು. ಮೂರನೆಯದು ಕಬ್ಬಿಣದ ಕಡಲೆಯಾಯಿತು. ಬಾಣದಮ್ಮನ ಜೋಡಿಯಾಗಿ ಕೂತವಳು ಇಸ್ತ್ರಿ ವಿಭಾಗದ ಹಳೆಯ ಗೆಳತಿ, ಎಲ್ಲರ ಬಾಯಲ್ಲಿ ಇಸ್ತ್ರಿಯಕ್ಕ. ಬಾಣದಮ್ಮ ಅವಳ ಮುಖ ನೋಡಿ, ಉಸಿರು ಎಳೆದುಕೊಂಡು, "ಯುವರ್ ಹೇರ್ ಈಸ್ ಲವ್ಲಿ, ಬಟ್..." ಎಂದಳು.

"ಬಟ್ ಏನೇ?"

"ಬೈತಲೆ ಸೊಟ್ಟಗಿದೆ."

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಬಾಣದಮ್ಮ ನಗಲಿಲ್ಲ. ಬೈತಲೆ ನಿಜವಾಗಿಯೂ ಸೊಟ್ಟಗಿತ್ತು.

ಎರಡನೆಯ ಪಾಠ ಅಕ್ಕರೆಯ ಮಾತುಗಳದ್ದು. ಐ ಆಮ್ ಪ್ರೌಡ್ ಆಫ್ ಯೂ. ಐ ಆಮ್ ಲಕ್ಕಿ ಟು ಹ್ಯಾವ್ ಯೂ. ಬೋರ್ಡಿನ ಮೇಲಿದ್ದುದನ್ನು ಮೇಡಂ ಬಿಡಿಸಿ ಹೇಳಿದಾಗ ಇಸ್ತ್ರಿಯಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಹೀಗಂತ ನಮ್ಮ ಯಜಮಾನರಿಗೆ ಹೇಳಿದ್ರೆ ಮೊದಲು ಹಣೆ ಮುಟ್ಟಿ ನೋಡ್ತಾರೆ, ಆಮೇಲೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರೆ."

"ಅದಕ್ಕೇ ಇಂಗ್ಲಿಷ್‌ನಲ್ಲಿ ಹೇಳೋದು," ಎಂದಳು ಮೇಡಂ. "ನಾಚಿಕೆ ಸ್ವಲ್ಪ ಕಡಿಮೆ ಆಗತ್ತೆ."

ಈ ಮಾತು ಬಾಣದಮ್ಮನಿಗೆ ಸರಿ ಕಂಡಿತು. ಪಾಯಿಖಾನೆಯ ಬಾಗಿಲು ಹಾಕಿಕೊಂಡು ಮೂರು ಸಲ ಹೇಳಿ ನೋಡಿದಳು. ಮೈಗೆ ಏನೂ ಆಗಲಿಲ್ಲ. ಬಸ್ಸಿನ ಬೋರ್ಡು ಓದಿದಷ್ಟೇ ಸಲೀಸಾಗಿತ್ತು.

ನೋಟ್‌ಬುಕ್ಕಿನಲ್ಲಿ ಇದ್ದ ಕ್ರಮದಲ್ಲೇ ಹೋಗಬೇಕೆಂದು ಅವಳು ತೀರ್ಮಾನಿಸಿದಳು. ಶಿಸ್ತಿನವಳಲ್ಲವೇ. ಮೊದಲ ವಾಕ್ಯ 'ಯೂ ಲುಕ್ ವೆರಿ ಫ್ರೆಶ್ ಟುಡೇ' ಎಂದಿತ್ತು. ಮಾರನೆಯ ಬೆಳಿಗ್ಗೆ ಸೊಸೆ ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ, ಕಣ್ಣು ಊದಿಸಿಕೊಂಡು, ಕೈಯಲ್ಲಿ ಚಪ್ಪಲಿ ಹಿಡಿದು ಒಳಗೆ ಬಂದಳು. ಅತ್ತೆ ಎದುರು ನಿಂತು, ಮುಖ ನೋಡಿ, ಅದನ್ನು ಸ್ಪಷ್ಟವಾಗಿ ಒಪ್ಪಿಸಿದಳು. ಸೊಸೆ ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಆಚೆ ಬಂದವಳು ಹೋಗಿ ಮಲಗಿದಳು.

"ಅವಳನ್ನ ಆಡ್ಕೊಳ್ತೀಯಾ?" ಎಂದು ಮಗ ಕೇಳಿದ.

"ಹೊಗಳಿದೆ ಕಣೋ."

"ಚೆನ್ನಾಗಿ ಹೊಗಳ್ದೆ."

ಎರಡನೆಯ ವಾಕ್ಯ ಅಡುಗೆಯದು. ಗುರುವಾರ ಸಂಜೆ ಊಟಕ್ಕೆ ಕೂತಾಗ ಬಾಣದಮ್ಮ ಮೊದಲ ತುತ್ತು ನುಂಗಿ, ಸೊಸೆಯತ್ತ ತಿರುಗಿ, "ಯುವರ್ ಕುಕಿಂಗ್ ಈಸ್ ವಂಡರ್‌ಫುಲ್" ಎಂದಳು. ಸೊಸೆ ನಕ್ಕು ಗಂಡನ ಕಡೆ ಕೈ ತೋರಿಸಿದಳು.

"ಇವತ್ತು ಅಡುಗೆ ನಾನು ಮಾಡಿದ್ದು," ಎಂದ ಮಗ. ಅವನು ತಟ್ಟೆಯಿಂದ ತಲೆಯೆತ್ತಿ ಕಾಯುತ್ತಿದ್ದ.

"ನೀನಾ? ಉಪ್ಪು ಒಂದು ಚೂರು ಜಾಸ್ತಿಯಾಗಿದೆ."

ಅವನು ಮತ್ತೆ ತಟ್ಟೆ ನೋಡಿಕೊಂಡು ಉಂಡ. ಬಾಣದಮ್ಮನಿಗೆ ಆಗ ಏನೂ ಅನ್ನಿಸಲಿಲ್ಲ. ವಾಕ್ಯ ಒಂದು ದಂಡವಾಯಿತಲ್ಲ ಎಂಬ ಚಿಂತೆಯೇ ಅವಳಿಗೆ ದೊಡ್ಡದಾಗಿತ್ತು.

ಹೀಗೆ ದಿನಗಳು ಸರಿದು, ಮನೆ ನೋಡುವ ಭಾನುವಾರಕ್ಕೆ ಒಂದೇ ದಿನ ಉಳಿಯಿತು. ಶನಿವಾರ ಮಧ್ಯಾಹ್ನ ಮಗ ಯಾವುದೋ ಬೇಕರಿಯ ಫ್ರಿಜ್ ಕೆಟ್ಟಿದೆಯೆಂದು ಹೋಗಿದ್ದ. ಸೊಸೆ ಹಾಸಿಗೆಯ ಮೇಲೆ ಕೂತು ಯೂನಿಫಾರಂ ಮಡಚುತ್ತಿದ್ದಳು. ಬಾಣದಮ್ಮ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಹಿಡಿದು ಬಾಗಿಲಲ್ಲಿ ನಿಂತಳು. ನೀರು ಕಾಯುವಷ್ಟು ಹೊತ್ತು ನಿಂತಳೆನ್ನಿ. ಕೊನೆಗೆ, "ಐ ಆಮ್ ಲಕ್ಕಿ ಟು ಹ್ಯಾವ್ ಯೂ" ಎಂದಳು.

ಸೊಸೆಯ ಕೈ ನಿಂತಿತು. ಇದನ್ನು ಯಾರು ಹೇಳಿಕೊಟ್ಟರು, ಈಗ ಯಾಕೆ ಹೇಳುತ್ತಿದ್ದೀರಿ ಎಂದು ಅವಳು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

ಇದಕ್ಕೆ ಉತ್ತರ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಬಾಣದಮ್ಮ ಕಾರ್ಖಾನೆಯ ಇಂಗ್ಲಿಷನ್ನೇ ನೆಚ್ಚಿಕೊಳ್ಳಬೇಕಾಯಿತು. "ಟ್ವೆಂಟಿ ಸಿಕ್ಸ್ ಇಯರ್ಸ್, ಐ ಸೀ ಓನ್ಲಿ ಮಿಸ್ಟೇಕ್," ಎಂದಳು. "ಮಿಸ್ಟೇಕ್, ಐ ಟಾಕ್. ನೋ ಮಿಸ್ಟೇಕ್, ನೋ ಟಾಕ್. ಯೂ..." ಮುಂದಿನ ಪದಕ್ಕಾಗಿ ತಡಕಾಡಿದಳು. "ಯೂ, ನೋ ಮಿಸ್ಟೇಕ್. ಸೋ, ನೋ ಟಾಕ್. ಪ್ಲೀಸ್, ನೋ ಗೋ."

ಸೊಸೆ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ಆಮೇಲೆ ಹಾಸಿಗೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಮಗುವಿಗೆ ಹೇಳುವಂತೆ ಚಿಕ್ಕ ಚಿಕ್ಕ ಪದಗಳಲ್ಲಿ ವಿಷಯ ತಿಳಿಸಿದಳು. ನನಗೇನೂ ಬೇಜಾರಿಲ್ಲ. ಪಾಸ್ ಎಂದರೆ ಏನೆಂದು ಮೊದಲ ವಾರವೇ ನಿಮ್ಮ ಮಗನನ್ನು ಕೇಳಿ ತಿಳಿದುಕೊಂಡಿದ್ದೆ. ನೋ ಡಿಫೆಕ್ಟ್ ಅಂದಿರೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಮನೆ ಹುಡುಕಿದ್ದು ನಾನಲ್ಲ, ನಿಮ್ಮ ಮಗ. ಬೇಜಾರು ಅವರದ್ದು. ಅವರು ನನಗೆ ಶಾಲಿನ ಕಥೆ ಹೇಳಿದ್ದಾರೆ.

ಯಾವ ಶಾಲು ಎಂದು ಬಾಣದಮ್ಮ ಕೇಳಬೇಕಾಗಲಿಲ್ಲ.

ಅಪ್ಪ ಸತ್ತ ಮೇಲೆ ಓದು ಬಿಟ್ಟು ಕೆಲಸಕ್ಕೆ ಸೇರಿದ ಮಗ, ಮೊದಲ ಸಂಬಳದ ದಿನ ಅವಳಿಗೊಂದು ಉಣ್ಣೆಯ ಶಾಲು ತಂದಿದ್ದ. ಬೂದಿ ಬಣ್ಣದ್ದು, ತೆಳುನೀಲಿ ಅಂಚಿನದು. ಅವಳು ಅದನ್ನು ಬಿಚ್ಚಿ, ತಿರುವಿ, ಬೆಳಕಿಗೆ ಹಿಡಿದು ನೋಡಿದ್ದಳು. ಅಂಚಿನಲ್ಲಿ ಒಂದು ಎಳೆ ತಪ್ಪಿತ್ತು. ಆ ಸಂಜೆಯೇ ಅಂಗಡಿಗೆ ಹೋಗಿ, ಜಗಳವಾಡಿ, ಅದನ್ನು ಕೊಟ್ಟು ಕಂದು ಬಣ್ಣದ ಇನ್ನೊಂದನ್ನು ತಂದಿದ್ದಳು. "ನಿನ್ನನ್ನ ಏಮಾರಿಸಿದ್ರು, ನಾನು ಸರಿಮಾಡ್ಕೊಂಡು ಬಂದೆ" ಎಂದು ಹೆಮ್ಮೆಯಿಂದಲೇ ಹೇಳಿದ್ದಳು. ಹುಡುಗ ಹೂಂ ಎಂದಿದ್ದ. ಅಂದಿನಿಂದ ಅವನು ಮನೆಗೆ ಒಲೆ ತಂದ, ಮಿಕ್ಸಿ ತಂದ, ಅವಳಿಗೆ ಮೊಬೈಲ್ ತಂದ. ಬಟ್ಟೆ ಮಾತ್ರ ತರಲಿಲ್ಲ, ಒಂದು ಕರವಸ್ತ್ರವನ್ನೂ ತರಲಿಲ್ಲ. ಇಷ್ಟು ವರ್ಷ ಅವಳಿಗೆ ಅದು ಕಂಡಿರಲಿಲ್ಲ. ಊರಿನವರ ಬೆನ್ನಿನ ಹೊಲಿಗೆ ಕಾಣುವ ಕಣ್ಣು, ನೋಡಿ.

ಮಗ ಬಂದಾಗ ಐದು ಗಂಟೆ. ಸಾಮಾನಿನ ಚೀಲ ಇಳಿಸಿ, ಅಡುಗೆಮನೆಯ ನಲ್ಲಿಯಲ್ಲಿ ಕೈ ಉಜ್ಜತೊಡಗಿದ. ಸೊಸೆ ಒಣಗಿದ ಬಟ್ಟೆ ತರುವ ನೆಪದಲ್ಲಿ ಮಹಡಿಗೆ ಹೋದಳು. ಬಾಣದಮ್ಮ ಅವನ ಹಿಂದೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು, "ಐ ಆಮ್ ಪ್ರೌಡ್ ಆಫ್ ಯೂ" ಎಂದಳು.

ಅವನು ತಿರುಗಿಯೂ ನೋಡಲಿಲ್ಲ. "ನನ್ನ ಹತ್ರ ಯಾಕಮ್ಮ ಇಂಗ್ಲಿಷು? ನಂಗೆ ಕನ್ನಡ ಬರತ್ತೆ."

ಅದೇ ಮಾತನ್ನು ಕನ್ನಡದಲ್ಲಿ ಹೇಳಹೋದರೆ ಅವಳ ನಾಲಿಗೆ ಮೇಲೇಳದು. ಇಂಗ್ಲಿಷಿನಲ್ಲಿ ಆಡಿದಾಗ ಬರಿಯ ಸದ್ದಾಗಿದ್ದುದು ಇಲ್ಲಿ ಮಾತಾಗುತ್ತದೆ, ಆಡಿದ ಮೇಲೆ ವಾಪಸು ತೆಗೆದುಕೊಳ್ಳಲಾಗದು. ಸುಮ್ಮನೆ ನಡುಮನೆಗೆ ಹೋಗಿ ಕೂರಬಹುದಿತ್ತು. ಹೋಗಲಿಲ್ಲ.

"ಆ ಶಾಲು ಚೆನ್ನಾಗಿತ್ತು ಕಣೋ," ಎಂದಳು.

ಅವನ ಕೈ ನೊರೆಯಲ್ಲೇ ನಿಂತಿತು. ನೀರು ಸುರಿಯುತ್ತಲೇ ಇತ್ತು.

"ಅದನ್ನ ವಾಪಸ್ ಕೊಡಬಾರದಾಗಿತ್ತು. ನಿನಗೇ ಒಂದು ಒಳ್ಳೆ ಅಂಗಿ ಇರಲಿಲ್ಲ, ಅಂಥಾದ್ರಲ್ಲಿ ನನಗೆ ತಂದೆ. ನಾನು ಅಂಚು ನೋಡ್ದೆ, ನಿನ್ನ ಮುಖ ನೋಡ್ಲಿಲ್ಲ. ಈ ಮನೆ ನಿಂತಿರೋದು ನಿನ್ನಿಂದ. ನೀನು ಒಳ್ಳೆ ಮಗ. ನಿನ್ನಂಥವನು ಸಿಕ್ಕಿದ್ದು ನನ್ನ ಪುಣ್ಯ. ಯಾವತ್ತೋ ಹೇಳಬೇಕಾಗಿತ್ತು, ಹೇಳ್ಲಿಲ್ಲ."

ಮಗ ನಲ್ಲಿ ನಿಲ್ಲಿಸಿದ. ಬಹಳ ಹೊತ್ತು ಕೈ ಒರೆಸಿಕೊಂಡ. "ನಾವು ಮನೆ ಬಿಟ್ಟು ಹೋಗ್ಬಾರ್ದು ಅಂತ ಹೇಳ್ತಿದೀಯಾ ಇದನ್ನ?"

"ನಾಳೆ ಹೋಗಿ ಮನೆ ನೋಡ್ಕೊಂಡು ಬನ್ನಿ. ಅವಳಿಗೆ ಆಸ್ಪತ್ರೆ ಹತ್ರ ಆಗತ್ತೆ ಅನ್ನೋದಾದ್ರೆ ಅಲ್ಲೇ ಇರಿ, ನಾನು ಬೇಡ ಅನ್ನಲ್ಲ. ಹೋದರೂ ಇದೇ ಮಾತು, ಇದ್ದರೂ ಇದೇ ಮಾತು."

ಅವನು ಟವೆಲನ್ನು ಮೊಳೆಗೆ ಹಾಕಿದ. ಅದು ಕೆಳಗೆ ಬಿತ್ತು, ಇಬ್ಬರೂ ಎತ್ತಲಿಲ್ಲ.

"ಇನ್ನೊಂದ್ಸಲ ಹೇಳು," ಎಂದ.

"ಯಾವುದನ್ನ?"

"ಅದೇ. ಒಳ್ಳೆ ಮಗ ಅಂದ್ಯಲ್ಲ, ಅದು."

ಮೂವತ್ತು ದಾಟಿದ ಗಂಡಸು, ಮೀಸೆ ಬೇರೆ, ನೆಲ ನೋಡುತ್ತ ನಿಂತಿದ್ದ. ಎರಡನೆಯ ಸಲ ಸುಲಭವಾದೀತು ಎಂದು ಬಾಣದಮ್ಮ ಎಣಿಸಿದ್ದಳು. ಸುಲಭವಾಗಲಿಲ್ಲ, ನಡುವೆ ಎರಡು ಕಡೆ ನಿಲ್ಲಿಸಬೇಕಾಯಿತು. ಆದರೂ ಅವನ ಮುಖ ನೋಡುತ್ತ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು.