ವೆಂಡೆಲ್ ಒಳಗೆ ಒಯ್ದಿರಲಿಲ್ಲ

ಶನಿವಾರ ಬೆಳಿಗ್ಗೆ ಅಗ್ನಿಶಾಮಕ ಠಾಣೆಯ ಗಾಡಿಯನ್ನು ಹೊರಗೆ ನಿಲ್ಲಿಸಿ, ಅದರ ಜಾಗದಲ್ಲಿ ಹದಿನಾಲ್ಕು ಮಡಚುವ ಕುರ್ಚಿ ಹಾಕಿದ್ದರು. ಅಂಗಿಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಲು ಪರವಾನಗಿ ಬೇಕೆನ್ನುವವರಿಗೆ ಅಮೆರಿಕದ ಕೆಂಟಕಿ ರಾಜ್ಯದ ಆ ಗುಡ್ಡಗಾಡಿನಲ್ಲಿ ಪಾಠ ನಡೆಯುತ್ತಿದ್ದದ್ದು ಅಲ್ಲೇ. ಪಾಠ ಹೇಳುತ್ತಿದ್ದವರು ಆರ್ವಿಲ್ ಸ್ಟಿಡಮ್. ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತರಾದ ಮನುಷ್ಯ. ಅವರ ಸಹಿ ಬೀಳದೆ ಅಲ್ಲಿ ಯಾರ ಅರ್ಜಿಯೂ ಮುಂದೆ ಸರಿಯುತ್ತಿರಲಿಲ್ಲ.

ಕೊನೆಯ ಸಾಲಿನಲ್ಲಿ ಕೋಲ್ಬಿ ನೇಪಿಯರ್ ಹಲ್ಲು ಕಚ್ಚಿ ಕೂತಿದ್ದ. ವಯಸ್ಸು ಇಪ್ಪತ್ತಮೂರು. ಹತ್ತನೇ ತರಗತಿ ಮುಗಿಸದೆ ಶಾಲೆ ಬಿಟ್ಟವನು. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವುದು ಅವನ ಕೆಲಸ. ಕಣಿವೆಯ ಒಂಟಿ ರಸ್ತೆಗಳಲ್ಲಿ ಎರಡು ಸಲ ಅವನ ಮೇಲೆ ಕೈ ಮಾಡಿದ್ದರು. ಪರವಾನಗಿ ಬೇಕೇಬೇಕಿತ್ತು. ಹೊರಡುವಾಗ ಅಣ್ಣ ವೆಂಡೆಲ್ ಹೇಳಿ ಕಳಿಸಿದ್ದ: "ಬಾಯಿ ಮುಚ್ಕೊಂಡು ಕೂತು, ಸಹಿ ಹಾಕಿಸ್ಕೊಂಡು ಬಾ. ನನ್ನ ವಿಷ್ಯ ಎತ್ಬೇಡ."

ಮೇಷ್ಟ್ರು ಬಿಳಿ ಹಲಗೆಯ ಮೇಲೆ ಪಟ್ಟಿ ಮಾಡುತ್ತಿದ್ದರು. ಕೋರ್ಟು, ಜೈಲು, ಪೊಲೀಸ್ ಠಾಣೆ, ಶಾಲೆ, ಹೆಂಡದಂಗಡಿ: ಪರವಾನಗಿ ಇದ್ದರೂ ಇಲ್ಲೆಲ್ಲ ಒಯ್ಯುವಂತಿಲ್ಲ.

"ನಾನು ಮನೆ ಮನೆಗೆ ಹೋಗಿ ರೋಗಿಗಳನ್ನ ನೋಡ್ಕೊಳ್ಳೋಳು," ಎಂದಳು ಮುಂದಿನ ಸಾಲಿನ ನರ್ಸ್ ರೀಟಾ ಫ್ಯೂಗೇಟ್. "ಯಾರ್ದೋ ಮನೇಲಿ ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡಮ್ಮ. ಅವರ ಮನೆ, ಅವರ ಮಾತು. ಲೈಸೆನ್ಸ್ ಕೈಗೆ ಬಂತು ಅಂದ್ರೆ ಕೊಂಬು ಬಂತು ಅಂತಲ್ಲ." ಎಲ್ಲರೂ ನಕ್ಕರು. ಮೇಷ್ಟ್ರಿಗೆ ನಗಿಸಲು ಬರುತ್ತಿತ್ತು. "ಒಂದು ಮಾತು ತಲೇಲಿಟ್ಕೊಳ್ಳಿ. ಎಲ್ಲಿ ಅನುಮಾನ ಬರುತ್ತೋ ಅಲ್ಲಿ ಗಾಡೀಲಿ ಬೀಗ ಹಾಕಿಟ್ಟು ಒಳಗೆ ಹೋಗಿ. ಶಾಲೆ ಆಗ್ಲಿ, ಪೋಸ್ಟಾಫೀಸಾಗ್ಲಿ, ಗಾಡೀಲಿದ್ರೆ ತಪ್ಪಿಲ್ಲ."

ಕೋಲ್ಬಿಯ ಕಿವಿ ಬಿಸಿಯಾಯಿತು. ಅಣ್ಣ ಹೇಳಿದ್ದು ನೆನೆದು ಕುರ್ಚಿಯ ಅಂಚು ಹಿಡಿದು ಕೂತ.

"ನಮ್ಮೂರಲ್ಲೇ ಒಬ್ಬ ಇದ್ದ," ಮೇಷ್ಟ್ರು ಮುಂದುವರಿಸಿದರು, "ಇಲ್ಲೇ ಕೂತು ಪಾಠ ಕೇಳಿ ಹೋದವನೇ. ಸೊಂಟಕ್ಕೆ ಸಿಕ್ಕಿಸ್ಕೊಂಡು ಸೀದಾ ಪೋಸ್ಟಾಫೀಸಿನ ಒಳಗೆ ಹೋದ. ಸಿಕ್ಕಿಬಿದ್ದ, ಕೆಲಸ ಕಳ್ಕೊಂಡ. ಈ ಕಿವೀಲಿ ಕೇಳಿ ಆ ಕಿವೀಲಿ ಬಿಟ್ಟೋರ ಗತಿ ಅದು."

"ಒಳಗೆ ತಗೊಂಡು ಹೋಗಿರ್ಲಿಲ್ಲ."

ಎಲ್ಲರೂ ತಿರುಗಿದರು. ಕೋಲ್ಬಿ ಎದ್ದು ನಿಂತಿದ್ದ.

"ನೀನೇನು ಜೊತೆಗಿದ್ಯಾ, ಮರಿ?"

"ಅವ್ನು ನಮ್ಮಣ್ಣ. ನೀವು ಹೇಳ್ಕೊಟ್ಟ ಹಾಗೇ ಗಾಡೀಲಿಟ್ಟು ಬೀಗ ಹಾಕಿದ್ದ. ಯಾವನೋ ಅಲ್ಲೇ ಹೊರಗೆ ಗಾಡಿ ಹಿಂದಕ್ಕೆ ತಗೊಳ್ಳುವಾಗ ಅಣ್ಣನ ಗಾಡಿಗೆ ಗುದ್ದಿದ. ಪೊಲೀಸರು ಬಂದು ವಿಮೆ ಕಾಗದ ಕೇಳಿದ್ರು. ಅಣ್ಣ ಡ್ಯಾಶ್‌ಬೋರ್ಡಿನ ಡಬ್ಬದ ಬೀಗ ತೆಗೆದ, ಪಿಸ್ತೂಲು ಅಲ್ಲಿತ್ತು. ಪೋಸ್ಟಾಫೀಸಿನ ಗಾಡಿ ನಿಲ್ಲಿಸೋ ಜಾಗದಲ್ಲೂ ಇಟ್ಕೊಳ್ಳೋ ಹಾಗಿಲ್ಲ. ಅದು ಕೇಂದ್ರ ಸರ್ಕಾರದ ಜಾಗ, ನಮ್ಮ ರಾಜ್ಯದ ಕಾನೂನು ಅಲ್ಲಿ ನಡೆಯಲ್ಲ."

ಮೇಷ್ಟ್ರ ಮುಖದಲ್ಲಿ ನಗು ಹಾಗೇ ಇತ್ತು. "ಓ, ವೆಂಡೆಲ್ ತಮ್ಮನಾ ನೀನು? ಹತ್ತನೇ ಕ್ಲಾಸು ದಾಟದೋನು ನಂಗೆ ಕಾನೂನು ಹೇಳ್ತೀಯ?"

ಮೂವರು ಕಿಸಕ್ಕೆಂದರು. ಆ ಗುದ್ದು ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಹತ್ತು ತಿಂಗಳಿಂದ ಕ್ಷೌರದಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಅಣ್ಣನ ಬಗ್ಗೆ ಇದೇ ಕತೆ, ಇದೇ ನಗು. ಆಸ್ಪತ್ರೆಯ ಕಾವಲುಗಾರನಾಗಿ ಒಂದು ದಿನವೂ ತಡವಾಗಿ ಹೋಗದಿದ್ದ ವೆಂಡೆಲ್ ಈಗ ಸಾಮಿಲ್ಲಿನಲ್ಲಿ ಹಲಗೆ ಜೋಡಿಸುತ್ತಿದ್ದ. ಚರ್ಚಿನಲ್ಲಿ ಕೊನೆಯ ಬೆಂಚಿಗೆ ಸರಿದಿದ್ದ. ದಂಡ ಸಣ್ಣದು. ಹೋದದ್ದು ಹೆಸರು.

"ನಿಧಾನಕ್ಕೆ ಓದ್ತೀನಿ, ನಿಜ," ಎಂದ ಕೋಲ್ಬಿ. "ಅಲ್ಲಿ ಗೋಡೆ ಮೇಲಿರೋ ನೋಟೀಸನ್ನ ಬೆರಳಿಟ್ಟು ಏಳು ಸಲ ಓದಿದೀನಿ. ನೀವು ಒಂದು ಸಲ ಓದಿದ್ರೆ ಸಾಕಿತ್ತು. ಸಹಿ ಹಾಕ್ದಿದ್ರೆ ಹಾಕ್ಬೇಡಿ. ಅಣ್ಣನ ಮೇಲೆ ಸುಳ್ಳು ಹೇಳ್ಬೇಡಿ."

ರೀಟಾ ಬಿಸ್ಕೆಟ್ಟಿನ ಕಾಗದದ ತಟ್ಟೆ ಕೆಳಗಿಟ್ಟು ಹೇಳಿದಳು: "ಪೋಸ್ಟಾಫೀಸು ರಸ್ತೆ ದಾಟಿದ್ರೆ ಸಿಗುತ್ತೆ. ಹನ್ನೆರಡರವರೆಗೂ ತೆಗೆದಿರುತ್ತೆ. ನಾನು ದಿನಾ ಅಲ್ಲಿ ಗಾಡಿ ನಿಲ್ಲಿಸೋಳು ಮೇಷ್ಟ್ರೇ, ನಂಗೆ ಗೊತ್ತಾಗ್ಬೇಕು."

ಆರ್ವಿಲ್ ತಮ್ಮ ಸೊಂಟದ ಪಿಸ್ತೂಲು ಬಿಚ್ಚಿ ಠಾಣೆಯ ಕಬ್ಬಿಣದ ಕಪಾಟಿನಲ್ಲಿಟ್ಟರು, ಉಳಿದವರದ್ದನ್ನೂ ಇಡಿಸಿ ಬೀಗ ಹಾಕಿದರು. ಹದಿನೈದು ಜನ ಸಾಲಾಗಿ ರಸ್ತೆ ದಾಟಿದರು.

ಮೇಷ್ಟ್ರು ಕನ್ನಡಕ ಏರಿಸಿ ನೋಟೀಸು ಓದಿದರು. ಒಯ್ಯಬಾರದ್ದು ಕಟ್ಟಡದೊಳಗೆ ಎಂದಿರಲಿಲ್ಲ, ಅಂಚೆ ಇಲಾಖೆಯ ಆಸ್ತಿಯಲ್ಲಿ ಎಂದಿತ್ತು. ಕೌಂಟರಿನ ಹೆಂಗಸಿನ ಕಡೆ ತಿರುಗಿ, "ಹೊರಗೆ ಗಾಡಿ ನಿಲ್ಲಿಸೋ ಜಾಗ ಯಾರದ್ದು?" ಎಂದು ಕೇಳಿದರು.

"ಫುಟ್‌ಪಾತಿನವರೆಗೂ ನಮ್ಮದೇ," ಎಂದಳು ಆಕೆ ಅಂಚೆಚೀಟಿ ಹರಿಯುತ್ತಲೇ. "ಯಾಕೆ, ಏನಾಯ್ತು?"

ಮೇಷ್ಟ್ರು ಪಾಠ ಹೇಳಲು ಶುರುಮಾಡಿ ಹದಿನೆಂಟು ವರ್ಷ, ತಿಂಗಳಿಗೊಂದು ತರಗತಿ. ಎಷ್ಟು ಜನಕ್ಕೆ ಹೇಳಿದ್ದೆನೋ ಎಂದು ಲೆಕ್ಕ ಹಾಕುವವರಂತೆ ಬಾಗಿಲಾಚೆಯ ಡಾಂಬರನ್ನೇ ನೋಡುತ್ತ ನಿಂತರು.

ಮಧ್ಯಾಹ್ನ ಗುರಿ ಪರೀಕ್ಷೆ. ಇಪ್ಪತ್ತರಲ್ಲಿ ಹನ್ನೊಂದು ತಗುಲಿದರೆ ಪಾಸು. ಕೋಲ್ಬಿಯದು ಹತ್ತೊಂಬತ್ತು ತಗುಲಿತು. ಆರ್ವಿಲ್ ಎಲ್ಲರಿಗಿಂತ ಮೊದಲು ಅವನ ಕಾಗದಕ್ಕೆ ಸಹಿ ಹಾಕಿ ಕೇಳಿದರು: "ನಿಮ್ಮಣ್ಣ ಇವತ್ತು ಕೆಲಸಕ್ಕೆ ಹೋಗಿದಾನಾ?"

"ಐದರವರೆಗೂ ಇರ್ತಾನೆ. ಮನೆಗೆ ಬಂದು ಹೇಳಿದ್ರೂ ಆಗುತ್ತೆ."

"ಇಲ್ಲಪ್ಪ. ಊರ ಮುಂದೆ ಆಡಿದ ಮಾತನ್ನ ಮನೆ ಒಳಗೆ ವಾಪಸ್ ತಗೊಳ್ಳಕ್ಕಾಗಲ್ಲ."

ಸಾಮಿಲ್ಲಿನಲ್ಲಿ ಗರಗಸ ನಿಲ್ಲಿಸಿ ಆಳುಗಳು ಕಾಫಿ ಕುಡಿಯುತ್ತಿದ್ದರು. ಮೈಯೆಲ್ಲ ಹೊಟ್ಟು ಮೆತ್ತಿಕೊಂಡಿದ್ದ ವೆಂಡೆಲ್, ಮೇಷ್ಟ್ರನ್ನೂ ತಮ್ಮನನ್ನೂ ಒಟ್ಟಿಗೆ ನೋಡಿ ಎದ್ದು ನಿಂತ. ಆರ್ವಿಲ್ ಟೋಪಿ ತೆಗೆದರು.

"ಎಲ್ಲರೂ ಸ್ವಲ್ಪ ಇಲ್ಲಿ ಕೇಳಿ. ಈ ವೆಂಡೆಲ್ ಪೋಸ್ಟಾಫೀಸಿನ ಒಳಗೆ ಪಿಸ್ತೂಲು ಒಯ್ದಿರ್ಲಿಲ್ಲ. ನಾನು ಹೇಳಿದ್ದನ್ನ ಅಕ್ಷರಶಃ ಪಾಲಿಸಿದ. ಹೇಳಿದ್ದೇ ತಪ್ಪು. ಅದರ ಮೇಲೆ, ಇವನ ಬಗ್ಗೆ ಸುಳ್ಳು ಕತೇನೂ ಕಟ್ಟಿ ಹೇಳಿದೆ. ಆಸ್ಪತ್ರೆಯವರಿಗೂ ಸೋಮವಾರ ಇದನ್ನೇ ಬರೆದು ಕೊಡ್ತೀನಿ. ಕೆಲಸ ವಾಪಸ್ ಸಿಗುತ್ತೋ ಇಲ್ವೋ, ನನ್ನ ಕೈಲಿಲ್ಲ."

ವೆಂಡೆಲ್ ಕೈಯ ಹೊಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ. "ಆ ನೋಟೀಸು ನಾನೂ ಓದಿ ನೋಡ್ಬೇಕಾಗಿತ್ತು ಸಾರ್," ಎಂದ ಮೆಲ್ಲಗೆ. "ಇದನ್ನ ನಿಮಗೆ ಹೇಳಿದ್ದು ಯಾರು?"

ಮೇಷ್ಟ್ರು ಕೋಲ್ಬಿಯ ಕಡೆ ತಲೆಯಲ್ಲೇ ತೋರಿಸಿದರು. "ಮುಂದಿನ ತಿಂಗಳು ಆ ಪಾಠ ಇವನ ಬಾಯಲ್ಲೇ ಹೇಳಿಸ್ತೀನಿ, ಒಪ್ಪಿದ್ರೆ."

ಬಾಯಿ ಮುಚ್ಕೊಂಡು ಕೂತು ಬಾ ಎಂದಿದ್ದ ಅಣ್ಣ ಈಗ ಬೈಯುತ್ತಾನೆ ಎಂದುಕೊಂಡ ಕೋಲ್ಬಿ. ವೆಂಡೆಲ್ ಹತ್ತಿರ ಬಂದು ಅವನ ಕತ್ತಿನ ಮೇಲೆ ಭಾರವಾದ ಕೈಯಿಟ್ಟು, ಕಾಫಿ ಕುಡಿಯುತ್ತಿದ್ದವರ ಕಡೆಗೆ ತಿರುಗಿಸಿದ. ಅವರಲ್ಲಿ ಅರ್ಧ ಜನಕ್ಕೆ ಕೋಲ್ಬಿ ಹುಟ್ಟಿದಾಗಿನಿಂದ ಗೊತ್ತಿತ್ತು.

"ಇವ್ನು ನನ್ನ ತಮ್ಮ," ಎಂದ ವೆಂಡೆಲ್.