ಅರ್ಧ ಬೆರಳಗಲದ ಅಂಚು

ಬಿಡಿ ಹಾಳೆ ಕಂಡರೆ ನನಗೆ ಆಗೋದಿಲ್ಲ. ಮೂವತ್ತೊಂದು ವರ್ಷದಿಂದ ಪುಸ್ತಕಗಳಿಗೆ ಬೈಂಡ್ ಹಾಕಿಕೊಂಡು ಬದುಕಿದವನು. ಬಿಡಿ ಹಾಳೆ ಅಂದರೆ ಇವತ್ತಲ್ಲ ನಾಳೆ ಕಳೆದುಹೋಗೋ ಹಾಳೆ ಅಂತಲೇ ನನ್ನ ನಂಬಿಕೆ. ಮುಂದೆ ಆದದ್ದಕ್ಕೆ ಇದೊಂದೇ ಕಾರಣ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಮಗಳಿಗೆ ಕೆಟ್ಟದ್ದಾಗಲಿ ಅಂತ ಯಾವ ಅಪ್ಪ ತಾನೇ ಕೂತು ಕೆಲಸ ಮಾಡ್ತಾನೆ?

ಅವಳು ಶಾಲೆಗೇ ಮೊದಲನೆಯವಳು. ದೊಡ್ಡ ಕಾಲೇಜಿನಲ್ಲಿ ನಾಲ್ಕು ವರ್ಷದ ಓದು, ಹಾಸ್ಟೆಲ್ಲು, ಎಲ್ಲವನ್ನೂ ನೋಡಿಕೊಳ್ಳೋ ವಿದ್ಯಾರ್ಥಿವೇತನ ಒಂದಿತ್ತು. ಕೊಡೋದು ಹನ್ನೆರಡೇ ಮಂದಿಗೆ. ಆರಿಸೋಕೆ ನೋಡೋದು ಪರೀಕ್ಷೆಯ ಅಂಕ, ಅವಳೇ ಬರೆದ ಪ್ರಬಂಧ, ಆಮೇಲೆ ಹೆಡ್ ಮೇಡಂ ಕೊಟ್ಟ ಶಿಫಾರಸು ಪತ್ರಕ್ಕೆ ಹತ್ತು ಅಂಕ. ಇದು ಸಿಕ್ಕರೆ ಆ ಕಾಲೇಜು, ಇಲ್ಲದಿದ್ದರೆ ಇಲ್ಲ. ಅಲ್ಲಿ ಓದಿಸೋ ತಾಕತ್ತು ನನಗೆಲ್ಲಿಂದ ಬರಬೇಕು?

ಅರ್ಜಿ ಕೊಡೋ ಕೊನೇ ದಿನ ಬೆಳಿಗ್ಗೆ ಅದರ ಹದಿನಾರು ಹಾಳೆಗಳನ್ನ ನನ್ನ ಮೇಜಿನ ಮೇಲಿಟ್ಟಳು. "ಅಪ್ಪಾ, ಇದನ್ನ ಮುಟ್ಟಬೇಡ. ಫೋಟೋ ತಗೊಂಡು ಬಂದುಬಿಡ್ತೀನಿ" ಅಂತ ಸ್ಟುಡಿಯೋಗೆ ಹೋದಳು. ಅಂಟಿನ ಕೈಯಲ್ಲಿ ಮುಟ್ಟಬೇಡ ಅಂತಿದಾಳೆ ಅಂದುಕೊಂಡೆ. ಅತಿ ಬುದ್ಧಿವಂತ ನಾನು.

ಸೋಪು ಹಾಕಿ ಕೈ ತೊಳೆದು ಕೂತೆ. ಹೊಲಿದೆ, ಬೆನ್ನಿಗೆ ಅಂಟು ಬಳಿದೆ. ಹಾಳೆಗಳ ಅಂಚು ಒಂದೇ ಸಮ ಇರಲಿಲ್ಲ. ಕಟಿಂಗ್ ಮಷೀನಿಗೆ ಕೊಟ್ಟು ಮೂರು ಕಡೆಯೂ ಅರ್ಧ ಬೆರಳಗಲ ಸವರಿದೆ. ಕೈಗೆ ಬಂದ ಅಭ್ಯಾಸ, ತಲೆಯನ್ನ ಕೇಳೋದಿಲ್ಲ. ಒಳ್ಳೇ ನೀಲಿ ಬಟ್ಟೆಯ ರಟ್ಟು ಹಾಕಿ, ಅವಳು ಬಂದ ಕೂಡಲೇ ಕೈಗಿಟ್ಟೆ.

ಪುಟ ತಿರುವುತ್ತಾ ಕೊನೆಯದಕ್ಕೆ ಬಂದು ನಿಂತಳು. ಹೆಡ್ ಮೇಡಂ ಹಾಳೆಯ ತೀರಾ ಕೆಳಗೆ ಸಹಿ ಮಾಡಿ ಮೊಹರು ಒತ್ತಿದ್ದರು. ಸಹಿಯ ಅರ್ಧ, ಮೊಹರಿನ ಮುಕ್ಕಾಲು ಈಗ ಇರಲಿಲ್ಲ. ಬೈದಿದ್ದರೆ ತಡಕೊಳ್ಳಬಹುದಿತ್ತು. ಬೈಯಲಿಲ್ಲ. ಮಂಡಿಯೂರಿ ಮಷೀನಿನ ಕೆಳಗೆ ಬಿದ್ದ ಚೂರುಗಳಲ್ಲಿ ಹುಡುಕತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ.

ಚೂರು ಸಿಕ್ಕಿತು. ಹಿಂದೆ ತೆಳು ಕಾಗದ ಕೊಟ್ಟು ಕೂಡಿಸಿದೆ. ಹೆಡ್ ಮೇಡಂ ರಜೆ ಹಾಕಿ ಪರವೂರಿಗೆ ಹೋಗಿದ್ದರು, ಇನ್ನೊಂದು ಪತ್ರ ಸಿಗುವ ಹಾಗಿರಲಿಲ್ಲ. ಅದನ್ನೇ ಹಿಡಿದುಕೊಂಡು ಇಬ್ಬರೂ ಅರ್ಜಿ ತಗೊಳ್ಳೋ ಕಚೇರಿಗೆ ಓಡಿದೆವು.

ಗುಮಾಸ್ತರು ಆ ಹಾಳೆಯನ್ನ ಬೆಳಕಿಗೆ ಹಿಡಿದು ನೋಡಿದರು. "ಸಹಿ ಅಂಟಿಸಿದೆ. ಹೇಗಾಯ್ತು ಅಂತ ಬರೆದುಕೊಡಮ್ಮ, ತಗೋತೀನಿ. ಮೇಲಿನವರು ಒಪ್ಪಬೇಕು ಅಷ್ಟೆ" ಅಂದರು. ಮಗಳು ಅಲ್ಲೇ ನಿಂತು ಬರೆದಳು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ತನ್ನ ಅಜಾಗ್ರತೆಯಿಂದ ಹರಿಯಿತು ಅಂತ ಬರೆದಿದ್ದಳು.

ನನಗೆ ಮೈ ಉರಿದುಹೋಯಿತು. "ಸುಳ್ಳು, ಸ್ವಾಮಿ. ಕತ್ತರಿಸಿದ್ದು ಇವಳಪ್ಪ. ನಾನೇ. ಬೇಡ ಅಂದರೂ ಕತ್ತರಿಸಿದೆ. ಹಾಗಂತ ಬರ್ಕೊಳ್ಳಿ" ಅಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಬೇರೆ ಹಾಳೆಯಲ್ಲಿ ನಿಜ ಬರೆದಳು, ಕೆಳಗೆ ನಾನು ಸಹಿ ಹಾಕಿದೆ.

ತಿಂಗಳಾದ ಮೇಲೆ ಪಟ್ಟಿ ಅಂಟಿಸಿದರು. ಶಿಫಾರಸು ಪತ್ರದ ಕಡೆ ಅವಳಿಗೆ ಸೊನ್ನೆ. ಹನ್ನೆರಡನೆಯವರಿಗಿಂತ ಆರು ಅಂಕ ಕಡಿಮೆ. ಓದು ಬರದವನಿಗೂ ಅರ್ಥವಾಗೋ ಲೆಕ್ಕ ಅದು.

"ಒಂದು ಮಾತು ಬೈದುಬಿಡೇ" ಅಂದೆ.

"ಬೈದರೆ ಆರು ಅಂಕ ಬರುತ್ತಾ ಅಪ್ಪಾ?" ಅಂದಳು. ಅಷ್ಟೇ ಅಂದಳು.

ಹಗಲು ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಊರಿನ ಸಣ್ಣ ಕಾಲೇಜು ಅಂತಾಯಿತು. ಅವಳು ದಣಿದು ಬಂದು ಚಪ್ಪಲಿ ಬಿಡೋ ಸದ್ದು ಕೇಳಿದಾಗಲೆಲ್ಲ ನನ್ನ ಕೈಯನ್ನ ನಾನೇ ಶಪಿಸಿಕೊಳ್ತಿದ್ದೆ.

ವರ್ಷ ಕಳೆದ ಮೇಲೆ ಒಂದು ದಿನ, ಆ ವರ್ಷ ಬರೆದ ನೋಟ್ಸನ್ನೆಲ್ಲ ತಂದು ನನ್ನ ಮೇಜಿನ ಮೇಲಿಟ್ಟಳು. "ಬೈಂಡ್ ಹಾಕಿಕೊಡು." ಹೊಲಿದೆ, ಅಂಟು ಬಳಿದೆ, ಅಲ್ಲಿಗೇ ನಿಲ್ಲಿಸಿದೆ.

"ಇದೇನಪ್ಪಾ, ಅರ್ಧಂಬರ್ಧ ಕೆಲಸ? ಅಂಚು ನೋಡು, ಏರುಪೇರು."

"ಕೈ ಏಳಲ್ಲ ಕಣೇ."

ಅವಳು ಕೂತು ಅಕ್ಷರ ಎಲ್ಲಿವರೆಗಿದೆ ಅಂತ ಒಂದೊಂದೇ ಪುಟ ತಿರುವಿ ನೋಡಿದಳು. ಅದರಾಚೆಗೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದಳು. ಮಷೀನಿಗೆ ತಾನೇ ಕೊಟ್ಟು, ಗೆರೆಯನ್ನ ಅಲಗಿಗೆ ಸರಿಹೊಂದಿಸಿ, ಪಕ್ಕಕ್ಕೆ ಸರಿದಳು. "ಈಗ ಕತ್ತರಿಸು" ಅಂದಳು.

ಕತ್ತರಿಸಿದೆ. ಕೆಳಗೆ ಬಿದ್ದ ಚೂರುಗಳನ್ನ ಇಬ್ಬರೂ ಆರಿಸಿ ತಿರುಗಿಸಿ ನೋಡಿದೆವು. ಒಂದರಲ್ಲೂ ಅಕ್ಷರ ಇರಲಿಲ್ಲ.