ಕಮಲಾದೇವಿಯವರ ಸಂಶಯ

ಮರೆವು ಬಾರದಿರಲು ಹೊಸ ಭಾಷೆ ಕಲಿಯಬೇಕೆಂದು ಯಾರೋ ಹೇಳಿದ್ದಕ್ಕೆ ಜಯದೇವಪ್ಪನವರು ಹೆಂಡತಿ ಕಮಲಾದೇವಿಯನ್ನೂ ಎಳೆದುಕೊಂಡು ಬಂದು ಜೆ.ಪಿ. ನಗರದ ನಮ್ಮ ಸ್ಪ್ಯಾನಿಷ್ ಕ್ಲಾಸಿಗೆ ಸೇರಿದ್ದರು. ಹಾರ್ಡ್‌ವೇರ್ ಅಂಗಡಿ ನಡೆಸಿ ನಿವೃತ್ತರಾದವರು. ಅಂಗಡಿ ಬಿಟ್ಟರೂ ಗಲ್ಲಾದ ಮುಂದೆ ಕೂತ ಗತ್ತು ಬಿಟ್ಟಿರಲಿಲ್ಲ, ಕಂಡವರನ್ನೆಲ್ಲ ತಿದ್ದುತ್ತಿದ್ದರು. ನನಗಂತೂ ಅವರನ್ನು ನೋಡಿದರೆ ಮೈ ಉರಿಯುತ್ತಿತ್ತು.

ಅವತ್ತು ಸಂಗೀತಾ ಮೇಡಂ ಸಬ್ಜಂಕ್ಟಿವ್ ಹೇಳಿಕೊಟ್ಟರು. ಇದ್ದದ್ದನ್ನು ಇದ್ದಂತೆ ಹೇಳುವಾಗ ಕ್ರಿಯಾಪದಕ್ಕೆ ಒಂದು ರೂಪ. ಆಸೆಯೋ ಸಂಶಯವೋ ಇದ್ದರೆ ಈ ಇನ್ನೊಂದು ರೂಪ. ಎಲ್ಲರೂ ಒಂದೊಂದು ವಾಕ್ಯ ಹೇಳಬೇಕಿತ್ತು. ಕಮಲಾದೇವಿ ಎದ್ದು, ಒಂದಿಷ್ಟೂ ತಡವರಿಸದೆ, ಸ್ಪ್ಯಾನಿಷ್‌ನಲ್ಲಿ ಹೇಳಿದರು: "ನನ್ನ ಯಜಮಾನರು ನನ್ನ ಮಾತು ಕೇಳಿಸಿಕೊಳ್ಳುತ್ತಾರೆ ಅನ್ನುವುದು ಸಂಶಯ."

"ತಪ್ಪು!" ಜಯದೇವಪ್ಪ ಎದ್ದು ನಿಂತರು. "ನಾನು ಕೇಳಿಸ್ಕೊತೀನಿ. ಅದು ನಿಜ. ನಿಜಕ್ಕೆ ಸಬ್ಜಂಕ್ಟಿವ್ ಬರಲ್ಲ. ಮಾರ್ಕ್ಸ್ ಕಟ್ ಮಾಡಿ ಮೇಡಂ."

ನಾವೆಲ್ಲ ನಕ್ಕೆವು. ಕಮಲಾದೇವಿ ನಗಲಿಲ್ಲ. ಬ್ಯಾಗ್ ತೆಗೆದುಕೊಂಡು ಸೀದಾ ಶ್ರೀನಗರದ ತಂಗಿಯ ಮನೆಗೆ ಆಟೊ ಹತ್ತಿದರು.

ಮುಂದಿನ ವಾರ ಜಯದೇವಪ್ಪ ಒಬ್ಬರೇ ಬಂದರು, ಇಸ್ತ್ರಿಯಿಲ್ಲದ ಅಂಗಿಯಲ್ಲಿ.

"ದಿನಾ ಫೋನ್ ಮಾಡಿ ಅವಳ ತಪ್ಪು ವಿವರಿಸ್ತಿದ್ದೀನಿ ಮೇಡಂ. ಆದ್ರೂ ಬರ್ತಿಲ್ಲ. ಮನೇಲಿ ಒಬ್ನೇ ಇರಕ್ಕಾಗ್ತಿಲ್ಲ." ನನಗೆ ಪಾಪ ಅನ್ನಿಸಿತು.

"ಅಂಕಲ್, ಆಂಟಿ ವಾಕ್ಯ ಸರಿಯಾಗೇ ಇತ್ತು," ಎಂದರು ಮೇಡಂ. "ನೀವು ಕೇಳಿಸ್ಕೊತೀರೋ ಇಲ್ವೋ, ಅದು ಬೇರೆ ವಿಷಯ. ಸಂಶಯ ಅವರದ್ದು. ಅದನ್ನ ನೀವು ಹೇಗೆ ತಿದ್ತೀರಾ?"

ಜಯದೇವಪ್ಪ ಬಹಳ ಹೊತ್ತು ಬೋರ್ಡ್ ನೋಡಿದರು. ಆಮೇಲೆ ಫೋನ್ ಹಚ್ಚಿದರು. ಸ್ಪೀಕರ್ ಹಾಕದೆ ಮಾತಾಡಿ ಗೊತ್ತಿಲ್ಲದ ಮನುಷ್ಯ. ನಾವೂ ಕಿವಿ ಮುಚ್ಚಿಕೊಳ್ಳಲಿಲ್ಲ.

"ಕಮಲಾ, ನೀನು ಮನೆಗೆ ಬರ್ಬೇಕು ಅಂತ ನಂಗೆ ಆಸೆ. ಬರ್ತೀಯೋ ಇಲ್ವೋ ಗೊತ್ತಿಲ್ಲ."

ಆ ಕಡೆಯಿಂದ ಶುರುವಾಯಿತು. ಮದುವೆಯಾದಾಗಿನಿಂದ ಕೂಡಿಟ್ಟದ್ದೆಲ್ಲ ಬಂತು: ಹೇಳದೆ ಕೇಳದೆ ಊಟಕ್ಕೆ ಕರೆತಂದ ನೆಂಟರು, ನೆಟ್ಟಗೆ ಮುಗಿಸಲು ಬಿಡದ ಒಂದೊಂದು ಮಾತು, ಈ ಹಾಳು ಸ್ಪ್ಯಾನಿಷ್ ಕ್ಲಾಸು. ನಡುವೆ ತಿದ್ದಲೆಂದು ಜಯದೇವಪ್ಪ ಬಾಯಿ ತೆರೆದರು, ತಾವೇ ಕೈ ಅಡ್ಡ ಹಿಡಿದುಕೊಂಡರು.

"ಹಲೋ? ರೀ? ಲೈನ್ ಕಟ್ ಆಯ್ತಾ?"

"ಇಲ್ಲ. ಕೇಳಿಸ್ಕೊತಿದ್ದೀನಿ."

ಆ ಕಡೆಯ ದನಿ ಇಳಿಯಿತು.

"ಸಾಯಂಕಾಲ ಬರ್ತೀನಿ. ಉಪ್ಪಿಟ್ಟು ಮಾಡಿಟ್ಟಿರಿ. ನಿಮ್ಗೆ ಬರುತ್ತೆ ಅನ್ನೋದೇ ಸಂಶಯ."

"ನಂಗೂ ಸಂಶಯ ಕಣೇ," ಎಂದರು ಜಯದೇವಪ್ಪ. "ರವೆ ಮೊದ್ಲು ಹುರೀಬೇಕಾ?"